ವೃದ್ಧರ ಮರೆವು: ರಕ್ತಪರೀಕ್ಷೆಯೂ ಆಗಲಿ

ಮಾನ್ಯ ಸಂಪಾದಕರೇ,

ಬದಿಯಡ್ಕ ಸಮೀಪದ ನಮ್ಮ ಮನೆಯಲ್ಲಿ ತಾಯಿಯವರು ಎಲೆ-ಅಡಕೆಯ ಸಂಚಿಯನ್ನು ಮಡಿಲಲ್ಲೇ ಇಟ್ಟುಕೊಂಡು ಮನೆಯಿಡೀ ಹುಡುಕತೊಡಗಿದಾಗ, ಪ್ರಾಯವಾದ ಮೇಲೆ ಇದೆಲ್ಲ ಸಹಜವೆಂದು ನಾವು ಸುಮ್ಮನಿದ್ದೆವು. ತಿಂಗಳುಗಳ ಬಳಿಕ ರಕ್ತ ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 100 ಮಿ.ಲೀ. ರಕ್ತಕ್ಕೆ 8 ಗ್ರಾಂ ಇತ್ತು. ಮಹಿಳೆಯರಲ್ಲಿ 12, ಪುರುಷರಲ್ಲಿ 13 ಗ್ರಾಂಗಿಂತ ಕೆಳಗಿಳಿದರೆ ಅದು ರಕ್ತಹೀನತೆ.

ಅಮೆರಿಕದಲ್ಲಿ 70 ದಾಟಿದ 2,552 ಮಂದಿಯನ್ನು 11 ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರಕ್ತಹೀನತೆಯಿದ್ದವರಲ್ಲಿ ಶೇ. 23 ಮತ್ತು ಇಲ್ಲದವರಲ್ಲಿ ಶೇ. 17 ಮಂದಿಗೆ ಮರೆಗುಳಿ ಕಾಯಿಲೆಯಾದ ಡಿಮೆನ್ಷಿಯಾ ಕಾಣಿಸಿಕೊಂಡಿತು. ಇದರಿಂದ ಒಂದು ಇನ್ನೊಂದಕ್ಕೆ ನೇರ ಕಾರಣವೆಂದು ಸಾಬೀತಾಗುವುದಿಲ್ಲವಾದರೂ, ಮಿದುಳಿಗೆ ಆಮ್ಲಜನಕ ಒಯ್ಯುವುದು ಹಿಮೋಗ್ಲೋಬಿನ್ ಎಂಬುದನ್ನು ಕಡೆಗಣಿಸುವಂತಿಲ್ಲ. ಬಿ12 ಜೀವಸತ್ವದ ಕೊರತೆಯಂತೂ ರಕ್ತವನ್ನೂ ನೆನಪನ್ನೂ ಒಟ್ಟಿಗೆ ಕುಂದಿಸಬಲ್ಲುದು. ಬೇಗ ಪತ್ತೆಯಾದರೆ ಚಿಕಿತ್ಸೆಗೆ ಬಗ್ಗುವಂಥದ್ದು.

ಗಂಜಿ, ಉಪ್ಪಿನಕಾಯಿಯಲ್ಲೇ ದಿನ ಕಳೆಯುವ, ಮಲಯಾಳ ಓದಲು ಬಾರದ ಹಿರಿಯರು ಕಾಸರಗೋಡಿನ ಹಳ್ಳಿಗಳಲ್ಲಿ ಅನೇಕರಿದ್ದಾರೆ. ಮನೆಭೇಟಿಗೆ ಬರುವ ಆರೋಗ್ಯ ಕಾರ್ಯಕರ್ತರು ರಕ್ತದೊತ್ತಡ, ಸಕ್ಕರೆಯ ಜೊತೆಗೆ ಹಿಮೋಗ್ಲೋಬಿನ್ ಪ್ರಮಾಣವನ್ನೂ ನೋಡುವಂತೆ, ಕಬ್ಬಿಣದ ಮಾತ್ರೆಯನ್ನು ತಾವಾಗಿಯೇ ನುಂಗದೆ ಮೊದಲು ಕಾರಣ ತಿಳಿದುಕೊಳ್ಳಬೇಕೆಂಬ ಮಾಹಿತಿಯನ್ನು ಕನ್ನಡದಲ್ಲಿಯೂ ನೀಡುವಂತೆ ಆರೋಗ್ಯ ಇಲಾಖೆಯನ್ನು ಕೋರುತ್ತೇನೆ.

– ಓರ್ವ ಓದುಗ, ಬದಿಯಡ್ಕ