ಗೆಳೆಯ ಟಿ-ಸ್ಕ್ವೇರ್‌ಗೆ ಒಂದು ಪತ್ರ, ಪೇಟ ಸಮೇತ

ಚಿಕ್ಕಮಗಳೂರು
ಭಾನುವಾರ

ಲೋ ಟಿ-ಸ್ಕ್ವೇರ್,

ನಾನು ಪ್ರಶಸ್ತಿ ತಗೊಂಡ ಫೋಟೋ ನೋಡಿದ್ದೀಯ ಅಂತ ಗೊತ್ತು. ಮೈಸೂರು ಪೇಟ, ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. "ಬೀಗರ ಕಡೆಯವನ ಥರ ಕಾಣ್ತೀಯ" ಅಂತ ಎಲ್ಲರೆದುರು ಬರೆದೆಯಲ್ಲ, ಅದಕ್ಕೆ ನನ್ನ ಹೆಂಡತಿಯೇ ಮೊದಲ ಲೈಕ್ ಒತ್ತಿದ್ದಾಳೆ. ಹಾಗಾಗಿ ಉತ್ತರವನ್ನೂ ಎಲ್ಲರೆದುರೇ ಬರೆಯುತ್ತಿದ್ದೇನೆ. ಅನುಭವಿಸು.

ಶನಿವಾರ ಸಂಜೆ ಹಾಸನದ ಒಂದು ಹೋಟೆಲಿನ ಹಾಲ್‌ನಲ್ಲಿ ಕಾರ್ಯಕ್ರಮ. ಆರ್ಕಿಟೆಕ್ಟುಗಳು, ಇಂಟೀರಿಯರ್ ಡಿಸೈನರುಗಳು, ಅವರಿಗಿಂತ ಜಾಸ್ತಿ ಪ್ಲೈವುಡ್, ಟೈಲ್ಸ್, ಪೇಂಟಿನವರು. ಅರ್ಜಿಗೆ ಒಂದು ಫೀಸು, ಊಟದ ಟೇಬಲ್ಲಿಗೆ ಇನ್ನೊಂದು. ದುಡ್ಡು ಕೊಟ್ಟು ಪ್ರಶಸ್ತಿ ತಗೊಂಡೆಯಾ ಅಂತ ಕೇಳಬೇಡ. ದುಡ್ಡು ಕೊಟ್ಟಿದ್ದು ಟೇಬಲ್ಲಿಗೆ.

ಮೊದಲು ಒಬ್ಬರು ಮರೈನ್ ಪ್ಲೈ, ಅಂದರೆ ನೀರು ತಡೆಯೋ ಪ್ಲೈವುಡ್ ಬಗ್ಗೆ ಮಾತಾಡಿದರು. 72 ಗಂಟೆ ನೀರಲ್ಲಿ ಕುದಿಸಿದರೂ ಪದರ ಬಿಟ್ಟುಕೊಳ್ಳಲ್ಲವಂತೆ. ನಮ್ಮನ್ನೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಕುದಿಸಿದರು. ವೇದಿಕೆಯ ಮೇಲೆ ಫಾಲ್ಸ್ ಸೀಲಿಂಗ್‌ನಲ್ಲಿ ಒಂದು ದೋಸೆಯಷ್ಟಗಲ ತೇವದ ಕಲೆ. ಹಾಲ್‌ನಲ್ಲಿದ್ದವರೆಲ್ಲ ಅದನ್ನು ನೋಡಿದರು, ನೋಡದ ಹಾಗೆ ಕೂತರು. ನನ್ನ ಪಕ್ಕದವರು ಮಾತ್ರ ಬಗ್ಗಿ, "ಏಸಿ ಪೈಪಿಗೆ ನೀರು ಹರಿಯೋಕೆ ವಾಟ ಕೊಟ್ಟಿಲ್ಲ" ಅಂದರು. ಇಡೀ ಸಂಜೆ ಕೇಳಿದ ಕೆಲಸದ ಮಾತು ಅದೊಂದೇ.

ನಿರೂಪಕಿ ನನ್ನನ್ನು ಕರೆದದ್ದು "ಖ್ಯಾತ ಆರ್ಕಿಟೆಕ್ಟ್" ಅಂತ. ನಗಬೇಡ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ, ರಿಜಿಸ್ಟರ್ ಆಗದವನು ಹಾಗಂತ ಹಾಕಿಕೊಳ್ಳಬಾರದು, ಎಲ್ಲ ನೆನಪಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ದಿನ ನೀನೇ ಫೋನ್ ಮಾಡಿದ್ದೆಯಲ್ಲ, "ಕೆಲಸ ಮಾಡ್ಕೋ ಮಾರಾಯ, ಹೆಸರು ಮಾತ್ರ ಹಾಕ್ಕೋಬೇಡ" ಅಂತ. ನಾನು ಬಿ.ಇ. ಸಿವಿಲ್ ಅಂತ ಮೈಕಿನಲ್ಲಿ ತಿದ್ದೋಣ ಅಂದುಕೊಂಡೆ. ಅಷ್ಟರಲ್ಲಿ ಪೇಟ ಇಟ್ಟುಬಿಟ್ಟರು. ಪೇಟ ಇಟ್ಟ ಮೇಲೆ ಬಾಯಿ ತೆಗೆಯೋಕಾಗಲ್ಲ, ಜಾರುತ್ತೆ.

ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. "ಈ ಸುಂದರ ಮನೆಯ ರೂವಾರಿ." ಅದೇ ಹೊತ್ತಿಗೆ ಪರದೆಯ ಮೇಲೆ ಆ ಏಳು ಮೆಟ್ಟಿಲು ಬಂತು.

ಪ್ರಶಸ್ತಿ ಬಂದದ್ದು ನಾನು ಮಾಡಿದ ಒಂದು ತೋಟದ ಮನೆಗೆ, ನೀನು ಅದನ್ನ ನೋಡಿಲ್ಲ. ಇಳಿಜಾರಿನ ಜಾಗ, ಹಾಲ್ ಮೇಲೆ, ಅಜ್ಜಿಯ ರೂಮು ಕೆಳಗೆ. ನಡುವೆ ಹೊನ್ನೆ ಹಲಗೆಯ ಏಳು ಮೆಟ್ಟಿಲು, ಸುಣ್ಣದ ಬಿಳಿ ಗೋಡೆಯಿಂದ ಹೊರಟು ಗಾಳಿಯಲ್ಲಿ ನಿಂತ ಹಾಗೆ. ರೈಸರ್, ಅಂದರೆ ಮೆಟ್ಟಿಲಿನ ಎತ್ತರ, ಏಳು ಇಂಚು; ಟ್ರೆಡ್, ಅಂದರೆ ಕಾಲಿಡೋ ಅಗಲ, ಹತ್ತೂಮುಕ್ಕಾಲು. ರಾಷ್ಟ್ರೀಯ ಕಟ್ಟಡ ಸಂಹಿತೆ (ಎನ್‌ಬಿಸಿ) ಹೇಳೋ ಗರಿಷ್ಠ 190 ಮಿ.ಮೀ. ಎತ್ತರ, ಕನಿಷ್ಠ 250 ಮಿ.ಮೀ. ಅಗಲದ ಲೆಕ್ಕಕ್ಕೆ ಸರಿಯಾಗೇ ಇದೆ. ರೇಲಿಂಗ್ ಬೇಕು ಅಂತಲೂ ಅದೇ ಪುಸ್ತಕ ಹೇಳುತ್ತೆ. ನಾನು ಹಾಕಲಿಲ್ಲ. ಗೆರೆ ಕೆಡುತ್ತೆ ಅಂತ. ಮನೆಯವರು ಎರಡು ಸಲ ಕೇಳಿದರು. ಎರಡು ಸಲವೂ ಜಪಾನಿನ ಯಾವುದೋ ಮನೆಯ ಫೋಟೋ ತೋರಿಸಿ ಬಾಯಿ ಮುಚ್ಚಿಸಿದೆ.

ಬೇಸಿಗೆಯಲ್ಲಿ ಫೋಟೋಗ್ರಾಫರ್‌ನ ಕರಕೊಂಡು ಹೋದಾಗ ಆ ಗೋಡೆಯ ಮೇಲೆ ಕೈ ಗುರುತುಗಳಿದ್ದವು. ಎಣ್ಣೆ, ಅರಿಶಿನ, ಅಡುಗೆಮನೆಯ ಮಸಿ. ಒಂದೊಂದು ಮೆಟ್ಟಿಲಿಗೆ ಒಂದೊಂದು ಅಂಗೈ, ಮೆಟ್ಟಿಲಿನ ಜೊತೆಗೇ ಮೇಲೇರುತ್ತಾ ಹೋಗಿದ್ದವು. ಅಜ್ಜಿಯ ಭುಜಕ್ಕಿಂತ ಸ್ವಲ್ಪ ಕೆಳಗೆ, ಎಲ್ಲ ಒಂದೇ ಎತ್ತರ. ರೇಲಿಂಗ್ ಎಲ್ಲಿ ಬೇಕು ಅಂತ ಅವರೇ ಗುರುತು ಹಾಕಿಕೊಟ್ಟಿದ್ದರು ಕಣೋ. ಹದಿನೈದು ವರ್ಷದಿಂದ ಡ್ರಾಯಿಂಗ್ ಓದ್ತಾ ಇರೋನು ನಾನು. ಪೇಂಟರ್‌ನ ಕರೆಸಿ ಒಂದು ಕೋಟ್ ಹೊಡೆಸಿದೆ. "ಅಜ್ಜಿ, ಹಸಿ ಇದೆ, ಗೋಡೆ ಮುಟ್ಟಬೇಡಿ" ಅಂದೆ. ಅವರ ಪ್ಲಾಸ್ಟಿಕ್ ಕುರ್ಚಿ, ಎಲೆಅಡಿಕೆ ತಟ್ಟೆ ಎಲ್ಲಾ ಬಚ್ಚಲಿಗೆ ಸಾಗಿಸಿದೆ. ಸಂಜೆ ಲೈಟು ಕಳಚುವಾಗ ಅವರು ಬಾಗಿಲ ಹತ್ತಿರ ನಿಂತು, "ಈಗ ಒಳಗೆ ಬರಬಹುದೇನಪ್ಪಾ?" ಅಂತ ಕೇಳಿದರು. ಅವರ ಮನೆ.

ಶ್ರಾವಣದಲ್ಲಿ ಬಿದ್ದರು. ಮೂರನೇ ಮೆಟ್ಟಿಲಿಂದ. ಬಲಗೈ ಮಣಿಕಟ್ಟು ಮುರೀತು. ಬಾಳೆಹಣ್ಣು ಹಿಡಿದು ನೋಡೋಕೆ ಹೋದೆ. ಗೋಡೆ ಹಿಡ್ಕೊಂಡು ಇಳೀಬಾರದಿತ್ತಾ ಅಜ್ಜಿ ಅಂದೆ, ಬುದ್ಧಿ ಹೇಳೋನ ಥರ. "ನೀನೇ ಮುಟ್ಟಬೇಡಿ ಅಂದಿದ್ದೆಯಲ್ಲ ಮಗ" ಅಂದರು. ದೂರೋ ದನಿಯಲ್ಲ. ನನಗೆ ಮರೆತಿರಬೇಕು ಅಂತ ನೆನಪು ಮಾಡಿಕೊಟ್ಟ ಹಾಗೆ. ಬಣ್ಣ ಒಣಗಿ ತಿಂಗಳುಗಳಾಗಿತ್ತು. ಇನ್ನು ಮುಟ್ಟಬಹುದು ಅಂತ ಯಾರೂ ಅವರಿಗೆ ಹೇಳಿರಲಿಲ್ಲ.

ಇದೆಲ್ಲ ಗೊತ್ತಿದ್ದೇ ಶನಿವಾರ ಹೋಗಿದ್ದು. ಹೋಗೋದು ಬೇಡ ಅಂತ ಒಂದು ಸಲ ಅನ್ನಿಸಿತ್ತು, ಸುಳ್ಳು ಹೇಳಲ್ಲ. ಟೇಬಲ್ಲಿಗೆ ದುಡ್ಡು ಕಟ್ಟಿಯಾಗಿತ್ತು. ತೀರ್ಪುಗಾರರು ಹೊಗಳಿದ್ದೂ ಆ ಮೆಟ್ಟಿಲನ್ನೇ, "ತೇಲುತ್ತಿವೆ" ಅಂತ. ನಾನು ಕೈ ಮುಗಿದೆ.

ರಾತ್ರಿ ವಾಪಸ್ ಬರುವಾಗ ಬೇಲೂರಲ್ಲಿ ಗಾಡಿ ನಿಲ್ಲಿಸಿದೆ. ಗುಡಿ ಮುಚ್ಚಿತ್ತು, ಗೋಪುರದ ಎದುರು ಎರಡು ನಾಯಿ. ಕಾಲೇಜಿಂದ ಬಂದಾಗ ಮದನಿಕೆಯ ಕೆಳಗಿನ ಅಕ್ಷರ ಓದಿದ್ದೆಯಲ್ಲ ನೀನು, ಅದು ನೆನಪಾಯ್ತು. ಕೆತ್ತಿದ ಶಿಲ್ಪಿಗಳ ಹೆಸರು: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. 1117ರ ಗುಡಿ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು, ಅವರ ಹೆಸರು ಇನ್ನೂ ಅಲ್ಲೇ ಇದೆ. ಶಾಸನದಲ್ಲಿ ರೂವಾರಿ ಅಂದರೆ ಶಿಲ್ಪಿ. ಈಗ ಪೇಪರಿನಲ್ಲಿ ದರೋಡೆಗೂ ರೂವಾರಿ, ಹಗರಣಕ್ಕೂ ರೂವಾರಿ. ನಿರೂಪಕಿ ಯಾವ ಅರ್ಥದಲ್ಲಿ ಕರೆದಳೋ, ಆ ಮೆಟ್ಟಿಲಿಗೆ ಎರಡೂ ಹೊಂದುತ್ತೆ.

ಇಷ್ಟೆಲ್ಲ ಬರೆಯೋ ಅಂದಾಜಿರಲಿಲ್ಲ. ಪೇಟದ ಜೋಕು ಮಾಡಿ ಮುಗಿಸೋಣ ಅಂತಲೇ ಕೂತದ್ದು. ಆ ಮನೆಯವರೂ ಇಲ್ಲಿ ನನ್ನ ಫ್ರೆಂಡ್ಸ್ ಲಿಸ್ಟಲ್ಲಿದ್ದಾರೆ, ಓದಲಿ ಬಿಡು. ನಾಳೆ ಬಡಗಿಯನ್ನು ಕರಕೊಂಡು ಹೋಗ್ತಿದ್ದೇನೆ. ಅಜ್ಜಿಯ ಮುಷ್ಟಿ ಚಿಕ್ಕದು, ಒಂದೂವರೆ ಇಂಚಿನ ಗುಂಡು ಹಿಡಿಕೆ ಸಾಕು. ಎತ್ತರ ಎಷ್ಟು ಅಂತ ಅವನು ಕೇಳಿದ. ಅಲ್ಲೇ ನಿಂತು ಹೇಳ್ತೀನಿ ಅಂದೆ. ಗುರುತು ಅಳಿಸಿದೋನು ನಾನೇ ಅಂತ ಅವನಿಗೆ ಹೇಳಿಲ್ಲ.

ಹಣ್ಣಿನ ಬುಟ್ಟಿಯಲ್ಲಿ ಮೇಲಿದ್ದ ನಾಲ್ಕು ಸೇಬು ಬಿಟ್ಟರೆ ಕೆಳಗೆಲ್ಲ ಹುಲ್ಲು ಮಾರಾಯ. ಮತ್ತೆ ಈಗಷ್ಟೇ ಆಯೋಜಕರ ಫೋನ್ ಬಂತು. ಪೇಟ ಬಾಡಿಗೆಯದಂತೆ, ಸೋಮವಾರದೊಳಗೆ ವಾಪಸ್ ಕಳಿಸಬೇಕಂತೆ. ಹಾಸನದ ಕಡೆ ಬರೋನಿದ್ದರೆ ಹೇಳು, ನಿನ್ನ ಕೈಲಿ ಕಳಿಸ್ತೀನಿ. ದಾರೀಲಿ ನೀನೂ ಒಂದು ಫೋಟೋ ತೆಗೆಸ್ಕೋ.

ಇಂತಿ ನಿನ್ನ,
ಖ್ಯಾತ (ಬಿ.ಇ. ಸಿವಿಲ್)