ಮನೆ ಅರ್ಜಿ ಹಾಕುವವರು ಗ್ರಾಮಸಭೆಗೆ ಮುಂಚೆ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. "ಮನೆ ಬಂದಿದೆಯಂತೆ, ಯಾರಿಗೆ ದುಡ್ಡು ಕೊಡಬೇಕು?" ಅಂತ ಕೆಲವರು ಕೇಳ್ತಿದ್ದೀರಿ. ಯಾರಿಗೂ ಕೊಡಬೇಡಿ. ಹಳ್ಳಿಗಳಲ್ಲಿ ಸರ್ಕಾರಿ ವಸತಿ ಯೋಜನೆಗಳ ಫಲಾನುಭವಿಗಳ ಆಯ್ಕೆ ನಡೆಯೋದು ಗ್ರಾಮಸಭೆಯಲ್ಲಿ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಆ ಪಟ್ಟಿ ನೋಡಿಕೊಂಡು ಹಣ ಬಿಡುತ್ತೆ. (2000ರಲ್ಲಿ ಶುರುವಾದ ಈ ನಿಗಮದ ಹೆಸರಲ್ಲಿ 'ಗ್ರಾಮೀಣ' ಅಂತಿದ್ದರೂ ಪಟ್ಟಣದ ವಸತಿ ಯೋಜನೆಗಳನ್ನೂ ನೋಡಿಕೊಳ್ಳುತ್ತೆ.)

ಹಣ ಒಂದೇ ಸಲ ಬರಲ್ಲ. ತಳಪಾಯ, ಲಿಂಟಲ್, ಛಾವಣಿ ಹೀಗೆ ಒಂದೊಂದು ಹಂತ ಮುಗಿದಾಗಲೂ ಜಿಪಿಎಸ್ ಫೋಟೋ ಅಪ್‌ಲೋಡ್ ಆಗಬೇಕು, ಆಮೇಲೆ ಖಾತೆಗೆ ಜಮಾ. ಲಿಂಟಲ್‌ವರೆಗೆ ಗೋಡೆ ಎದ್ದು, ದುಡ್ಡು ಸಾಲದೆ ಮೇಲೆ ಟಾರ್ಪಾಲು ಕಟ್ಟಿಕೊಂಡ ಮನೆಗಳನ್ನು ಎಲ್ಲರೂ ನೋಡಿದ್ದೀರಲ್ಲ? ಪ್ರಧಾನಮಂತ್ರಿ ಆವಾಸ್‌ನ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ ಸಿಗೋದು 1.20 ಲಕ್ಷ. ಈಗಿನ ಸಿಮೆಂಟು, ಕಬ್ಬಿಣದ ರೇಟಿಗೆ ಅದು ಸಾಲಲ್ಲ. ಆದ್ದರಿಂದ ಚಿಕ್ಕದಾಗಿ ಪ್ಲಾನ್ ಮಾಡಿ. ಕನಿಷ್ಠ 25 ಚದರ ಮೀಟರ್ ಇದ್ದರೆ ಸಾಕು.

ಜಾಗವೇ ಇಲ್ಲದವರು ನಿವೇಶನರಹಿತರ ಪಟ್ಟಿಯಲ್ಲಿ ಹೆಸರು ಬರೆಸಿ. ವಿಧವೆಯರು, ಅಂಗವಿಕಲರು, ಲೈಂಗಿಕ ಅಲ್ಪಸಂಖ್ಯಾತರು ದೇವರಾಜ ಅರಸು ವಸತಿ ಯೋಜನೆಯ ಬಗ್ಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಬಿಡದೆ ಕೇಳಿ, ಆ ವರ್ಗದವರಿಗೆ ಅಂತಲೇ ಇರೋ ಯೋಜನೆ ಅದು.

ಬಸ್‌ಸ್ಟ್ಯಾಂಡಲ್ಲಿ ಮಲಗೋರನ್ನು ಕಂಡರೆ ನಗರಸಭೆಗೆ ತಿಳಿಸಿ. ನಗರಗಳಲ್ಲಿ ಲಕ್ಷ ಜನಸಂಖ್ಯೆಗೊಂದು ಆಶ್ರಯ ಕೇಂದ್ರ ಇರಲೇಬೇಕು ಅಂತ ಸುಪ್ರೀಂ ಕೋರ್ಟೇ ಹೇಳಿದೆ.

ಆಧಾರ್, ರೇಷನ್ ಕಾರ್ಡು, ಜಾತಿ-ಆದಾಯ ಪ್ರಮಾಣಪತ್ರ, ಜಾಗದ ಪತ್ರ ಇವುಗಳ ಜೆರಾಕ್ಸ್ ತನ್ನಿ. ಅವುಗಳ ಫೋಟೋ ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ.