ಪಾಯದ ಕಾಂಕ್ರೀಟಿಗೆ ಡ್ರಾಯಿಂಗ್ ಅಳೀಬೇಡಿ, ಗುಂಡಿ ಅಳೀರಿ

ಮಾನ್ಯ ಸಂಪಾದಕರೇ,

ನಿಮ್ಮ ಪೇಪರಲ್ಲಿ ಮನೆ ಕಟ್ಟೋರಿಗೆ ಅಂತ ಏನೇನೋ ಬರುತ್ತೆ, ಬಾಗಿಲು ಯಾವ ದಿಕ್ಕಿಗಿರಬೇಕು, ಟೈಲ್ಸ್ ಯಾವ ಬಣ್ಣ, ಹೋಮ್ ಲೋನ್ ಬಡ್ಡಿ ಎಷ್ಟು ಅಂತ. ಪಾಯಕ್ಕೆ ಎಷ್ಟು ಕಾಂಕ್ರೀಟ್ ತರಿಸ್ಬೇಕು ಅನ್ನೋದನ್ನ ಮಾತ್ರ ಯಾರೂ ಬರೆಯಲ್ಲ. ಅದಕ್ಕೇ ನಾನೇ ಬರೀತಿದೀನಿ, ಲೆಕ್ಕ ತಪ್ಪಿ ದುಡ್ಡು ಕಳ್ಕೊಂಡವನು ಅನ್ನೋ ಅರ್ಹತೆ ಮೇಲೆ.

ನಮ್ಮದು ದಾವಣಗೆರೆ ಹೊರಗಡೆ ಒಂದು 30-40 ಸೈಟು, ಕರಿ ಮಣ್ಣು. 12 ಕಾಲಂ. ಡ್ರಾಯಿಂಗ್ ಪ್ರಕಾರ ಪ್ರತಿ ಫುಟಿಂಗ್, ಅಂದ್ರೆ ಕಾಲಂ ಕೆಳಗಿನ ಕಾಂಕ್ರೀಟ್ ತಳ, 5 ಅಡಿ ಉದ್ದ, 5 ಅಡಿ ಅಗಲ, 15 ಇಂಚು ದಪ್ಪ. ಇಂಜಿನಿಯರ್ ಚೀಟಿಲಿ ಬರ್ದು ಕೊಟ್ಟಿದ್ರು, ಒಂದಕ್ಕೆ 31 ಕಾಲು ಘನ ಅಡಿ, 12ಕ್ಕೆ 375, ಒಂದು ಘನ ಮೀಟರ್ ಅಂದ್ರೆ 35.3 ಘನ ಅಡಿ, ಹಂಗಾಗಿ 10.6 ಘನ ಮೀಟರ್, ಸೈಟಲ್ಲಿ ಬರೀ ಮೀಟರ್ ಅಂತಾರೆ. ಚೂರು ಜಾಸ್ತಿನೇ ಇರ್ಲಿ ಅಂತ, ಪ್ಲಾಂಟಲ್ಲೇ ಕಲಸಿ ಲಾರಿಲಿ ತಂದು ಕೊಡೋ ರೆಡಿಮಿಕ್ಸ್‌ನೋರಿಗೆ 11 ಮೀಟರ್ ಹೇಳಿದ್ವಿ, ಒಂದು ಲಾರಿ 6, ಇನ್ನೊಂದು 5. ಲೆಕ್ಕದಲ್ಲಿ ಒಂದು ಪೈಸೆ ತಪ್ಪಿಲ್ಲ ನೋಡಿ.

ಆದ್ರೆ ಗುಂಡಿ ತೆಗೆದಿದ್ದು ಜೆಸಿಬಿ, ಅದಕ್ಕೆ ಇಂಜಿನಿಯರ್ ಚೀಟಿ ಗೊತ್ತಾಗುತ್ತಾ. ಮಧ್ಯೆ ಒಂದು ರಾತ್ರಿ ಮಳೆ ಬೇರೆ ಬಂದು ಪಕ್ಕದ ಮಣ್ಣು ಕುಸೀತು, ಅದನ್ನ ಕೆರೆದು ಎತ್ತಿದ ಮೇಲೆ ಗುಂಡಿಗಳು ಸುಮಾರಾಗಿ 6 ಅಡಿ 6 ಅಡಿ ಆಗಿದ್ವು. ಸುತ್ತ ಶೀಟ್ ಕಟ್ಟಿ, ಅಂದ್ರೆ ಸೆಂಟ್ರಿಂಗ್ ಮಾಡಿ, 5 ಅಡಿಗೇ ನಿಲ್ಲಿಸಬೇಕಿತ್ತು. ನಮ್ಮ ಮೇಸ್ತ್ರಿ "ಪಾಯಕ್ಕೆಲ್ಲಾ ಸೆಂಟ್ರಿಂಗ್ ಯಾಕೆ ಸಾರ್, ಮಣ್ಣೇ ಗೋಡೆ ಇದ್ದಂಗೆ" ಅಂದ್ರು, ನನಗೂ ಸೆಂಟ್ರಿಂಗ್ ಕೂಲಿ ಉಳಿಯುತ್ತಲ್ಲ ಅಂತ ಆಸೆ, ಹೂಂ ಅಂದೆ. ಉದ್ದಕ್ಕೊಂದು ಅಗಲಕ್ಕೊಂದು ಅಡಿ ಜಾಸ್ತಿ ಅಷ್ಟೇ ಅನ್ಸುತ್ತೆ, ಆದ್ರೆ 25 ಚದರ ಅಡಿ ಇದ್ದಿದ್ದು 36 ಆಯ್ತು, ಒಂದು ಫುಟಿಂಗ್ 31ರಿಂದ 45 ಘನ ಅಡಿಗೆ ಹೋಯ್ತು, 12ಕ್ಕೆ 540, ಅಂದ್ರೆ 15.3 ಮೀಟರ್. ಕಬ್ಬಿಣದ ಮ್ಯಾಟ್ ಇರೋದು 5 ಅಡಿಗೆ ತಕ್ಕಂಗೇ, ಹಂಗಾಗಿ ಆ ಸುತ್ತಲಿನ ಕಾಂಕ್ರೀಟಿಂದ ಡಿಸೈನ್ ಲೆಕ್ಕಕ್ಕೆ ಹಿಡಿಯೋ ಹೆಚ್ಚುವರಿ ಬಲ ಅಂತ ಏನೂ ಬರಲ್ಲ, ಸುಮ್ನೆ ಮಣ್ಣಿಗೆ ಹಾಕಿದ ದುಡ್ಡು.

ಎರಡನೇ ಲಾರಿ ಬಂದು ಅರ್ಧ ಗಂಟೆಗೆ ಡ್ರಂ ಸದ್ದೇ ಬದಲಾಯ್ತು, ಖಾಲಿ ಡಬ್ಬ ಉರುಳಿಸಿದಂಗೆ. ಡ್ರೈವರ್ ಇಳಿದು ಚೂಟ್ ತೊಳೆಯೋಕೆ ಪೈಪ್ ಹಿಡ್ಕೊಂಡ. ಆಗ ನೋಡಿದ್ರೆ ತುಂಬಿರೋದು ಎಂಟೇ ಫುಟಿಂಗು, ಒಂಬತ್ತನೇದ್ರಲ್ಲಿ 9 ಇಂಚು ಬಿದ್ದಿದೆ, ಉಳಿದ ಮೂರರಲ್ಲಿ ಮ್ಯಾಟನ್ನ ತಳದಿಂದ ಎತ್ತಿ ಹಿಡಿಯೋ ಕವರ್ ಬ್ಲಾಕ್ ಕಾಣ್ತಾ ಇದೆ. ಪ್ಲಾಂಟಿಗೆ ಫೋನ್ ಮಾಡಿದ್ರೆ ಇವತ್ತು ಗಾಡಿ ಇಲ್ಲ, ನಾಳೆ ಬೆಳಿಗ್ಗೆ ಕೊಡ್ತೀವಿ, ಅದೂ ಫುಲ್ ಲೋಡ್ ಇಲ್ಲ ಅಂದ್ರೆ ಖಾಲಿ ಜಾಗಕ್ಕೂ ಚಾರ್ಜ್ ಆಗುತ್ತೆ ಅಂದ್ರು. ಅವರದ್ದೂ ತಪ್ಪಿಲ್ಲ, ನಾವು ಹೇಳಿದ್ದು 11, ಅವರು ಕೊಟ್ಟಿದ್ದು 11.

ಕೊನೆಗೆ ಮಿಕ್ಸರ್ ಮಿಷನ್ ಬಾಡಿಗೆಗೆ ತಂದು, 36 ಮೂಟೆ ಸಿಮೆಂಟ್ ಹತ್ತಿರದ ಅಂಗಡಿಲಿ ಕೇಳಿದ ರೇಟಿಗೆ ತಗೊಂಡು, ರಾತ್ರಿ ಹತ್ತರವರೆಗೂ ಒಂದು ಬಲ್ಬ್ ಕಟ್ಕೊಂಡು ಬಾಂಡ್ಲಿಲಿ ಹೊತ್ತು ಹಾಕಿಸಿದ್ವಿ. ಒಂಬತ್ತನೇದು ಅಷ್ಟರಲ್ಲಿ ಗಟ್ಟಿಯಾಗಿತ್ತು, ಇಂಜಿನಿಯರ್ ನಿಂತ್ಕೊಂಡು ಮೇಲ್ಮೈ ಕೆರೆಸಿ, ತೊಳೆಸಿ, ಸಿಮೆಂಟ್ ಹಾಲು ಬಳಿಸಿ ಮೇಲೆ ಹಾಕಿಸಿದ್ರು. ನಮ್ಮ ಕಾಂಕ್ರೀಟಿನ ಬಲದ ದರ್ಜೆ ಎಂ 20 ಆಗಿದ್ದಕ್ಕೆ ಬಚಾವ್. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರಲ್ಲಿ, ಸಿಮೆಂಟ್ ಒಂದಕ್ಕೆ ಮರಳು ಒಂದೂವರೆ, ಜಲ್ಲಿ ಮೂರು ಅನ್ನೋ ಥರ ಅಳತೆ ಮೇಲೆ ಕಲಸೋಕೆ ಬಿಟ್ಟಿರೋದು ಎಂ 20ವರೆಗೆ ಮಾತ್ರ, ಡಿಸೈನ್ ಎಂ 25 ಇದ್ದಿದ್ರೆ ಕಮ್ಮಿ ಬಿದ್ದಿದ್ದನ್ನ ಹಿಂಗೆ ಅಂದಾಜಲ್ಲಿ ಕಲಸಿ ತುಂಬೋ ಹಂಗೇ ಇಲ್ಲ.

ಎಲ್ರೂ ಹೇಳೋದು ಐದು ಪರ್ಸೆಂಟ್ ಜಾಸ್ತಿ ಹೇಳ್ಬಿಡಿ ಸರಿಹೋಗುತ್ತೆ ಅಂತ. ನಮಗೆ ವ್ಯತ್ಯಾಸ ಬಂದಿದ್ದು 44 ಪರ್ಸೆಂಟ್. ಐದು ಪರ್ಸೆಂಟ್ ಇರೋದು ಚೆಲ್ಲೋದಕ್ಕೆ, ಡ್ರಮ್ಮಲ್ಲಿ ಅಂಟ್ಕೊಳ್ಳೋದಕ್ಕೆ, ಗುಂಡಿನೇ ದೊಡ್ಡದಾದ್ರೆ ಅದೇನು ಮಾಡುತ್ತೆ. ಫುಟಿಂಗ್ ಕೆಳಗೆ ಕಬ್ಬಿಣ ಇಲ್ಲದೆ ಹಾಕೋ ಪಿಸಿಸಿ ಬೆಡ್ ನೋಡಿ, 4 ಇಂಚು ಅಂತಾರೆ, ತಳ ಸಮ ಇಲ್ದೆ ಎಲ್ಲಾ ಕಡೆ ಒಂದೇ ಇಂಚು ಜಾಸ್ತಿ ಹಿಡೀತು ಅಂದ್ರೂ 6 ಅಡಿ ಗುಂಡಿಗೆ 3 ಘನ ಅಡಿ, 12 ಗುಂಡಿಗೆ 36, ಹೆಚ್ಚೂ ಕಮ್ಮಿ ಒಂದು ಮೀಟರ್ ಪೂರ್ತಿ. ಒಂದು ಇಂಚಿಗೆ ಒಂದು ಮೀಟರ್ ಕಾಂಕ್ರೀಟು! ಇನ್ನು ಕೆಲವರು ಕಬ್ಬಿಣ ಹಿಡಿಯೋ ಜಾಗ ಕಳೀಬೇಕಾ ಅಂತ ತಲೆ ಕೆಡಿಸ್ಕೋತಾರೆ, ಮೀಟರಿಗೆ 100 ಕೆಜಿ ಕಬ್ಬಿಣ ಹಾಕಿದ್ರೂ ನೂರಕ್ಕೆ ಒಂದು ಚಿಲ್ಲರೆ ಭಾಗ, ಅದನ್ನ ಬಿಟ್ಟಾಕಿ.

ಹಂಗಂತ ಕಣ್ಣು ಮುಚ್ಚಿ ಜಾಸ್ತಿ ಹೇಳೋದೂ ಬೇಡ. ನಮ್ಮ ಲೇಔಟಲ್ಲೇ ಖಾಲಿ ಸೈಟಲ್ಲಿ, ಚರಂಡಿ ಪಕ್ಕ ಉಳಿದ ಕಾಂಕ್ರೀಟ್ ಸುರಿದು ಹೋಗಿದಾರೆ, ಎಮ್ಮೆ ಮಲಗಿದಂಗೆ ಗಟ್ಟಿಯಾಗಿ ಬಿದ್ದಿದೆ.

ಮುಂದೆ ಪ್ಲಿಂತ್ ಬೀಮಿಗೆ, ಅಂದ್ರೆ ಪಾಯದ ಮೇಲೆ ಗೋಡೆ ಕೆಳಗೆ ಬರೋ ತೊಲೆಗೆ, ನಾನೇ ಟೇಪ್ ಹಿಡಿದೆ. ಸೆಂಟ್ರಿಂಗ್ ಎಲ್ಲಾ ಕಟ್ಟಿದ ಮೇಲೆ ಹಿಂದಿನ ದಿನ ಸಾಯಂಕಾಲ ಅಳೆದೆ, ಅಗಲ ಮೂರು ಕಡೆ, ಆಳ ದಾರದಿಂದ ಕೆಳಕ್ಕೆ, ಕರೆಂಟ್ ಬಿಲ್ ಹಿಂದೆ ಬರ್ಕೊಂಡೆ. 9 ಇಂಚು ಅಗಲ, 12 ಇಂಚು ಎತ್ತರ, ಮೂಲೆಗಳು ಎರಡು ಸಲ ಸೇರದಂಗೆ ಉದ್ದ 180 ಅಡಿ, ಒಟ್ಟು 135 ಘನ ಅಡಿ, 3.8 ಮೀಟರ್. ಎಂ 20ಗೆ ಮೀಟರಿಗೆ 8 ಮೂಟೆ ಲೆಕ್ಕ. 32 ಮೂಟೆ ತರಿಸಿದ್ವಿ, 31 ಹಿಡೀತು. ಮೇಸ್ತ್ರಿ ಏನೂ ಮಾತಾಡ್ಲಿಲ್ಲ, ಉಳಿದ ಮೂಟೆ ಮೇಲೆ ಕೂತು ಟೀ ಕುಡಿದ್ರು.

ನನ್ನ ತಕರಾರು ಕಾಂಟ್ರಾಕ್ಟರ್‌ಗಳ ಚದರ ಅಡಿ ರೇಟಿನ ಮೇಲೂ ಇದೆ. ಚದರ ಅಡಿಗಿಷ್ಟು ಅಂತ ಮಾತಾಡ್ತಾರೆ, ಅಗ್ರಿಮೆಂಟ್ ಕೊನೇ ಸಾಲಲ್ಲಿ ಪಾಯ ಇಷ್ಟು ಆಳಕ್ಕಿಂತ ಜಾಸ್ತಿ ಆದ್ರೆ ಎಕ್ಸ್ಟ್ರಾ ಅಂತ ಇರುತ್ತೆ, ಆ ಎಕ್ಸ್ಟ್ರಾ ಯಾರು ಅಳೆದಿದ್ದು, ಯಾವಾಗ ಅಳೆದಿದ್ದು ಅಂತ ಕಾಗದ ಇರಲ್ಲ, ಮಣ್ಣು ಮುಚ್ಚಿದ ಮೇಲೆ ಅಳೆಯೋಕೂ ಆಗಲ್ಲ. ಕಾಂಕ್ರೀಟ್ ಹಾಕೋ ಮುಂಚೆ ಗುಂಡಿ ಅಳತೆ ಬರೆದು ಎರಡೂ ಕಡೆಯೋರು ಸಹಿ ಹಾಕಿದ್ರೆ ಹತ್ತು ನಿಮಿಷದ ಕೆಲಸ. ಯಾರಾದ್ರೂ ಅನುಭವ ಇರೋ ಇಂಜಿನಿಯರ್ ಕೈಲಿ ಈ ಲೆಕ್ಕನ ಅಡಿ-ಇಂಚಲ್ಲೇ, ನಮ್ಮಂಥೋರಿಗೆ ಅರ್ಥ ಆಗೋ ಹಂಗೆ ನಿಮ್ಮ ಪೇಪರಲ್ಲಿ ಬರೆಸಿ. ಸ್ಲೋಪ್ ಇರೋ ಫುಟಿಂಗಿದು ಹೆಂಗೆ ಅಂತಾನೂ ಸೇರಿಸೋಕೆ ಹೇಳಿ, ಅದನ್ನ ನಮ್ಮ ಮೇಸ್ತ್ರಿ ಇವತ್ತಿಗೂ ಪೂರ್ತಿ ಡಬ್ಬದ ಲೆಕ್ಕನೇ ಹಾಕ್ತಾರೆ.

ಇಂತಿ,
ಒಬ್ಬ ಓದುಗ, ದಾವಣಗೆರೆ